ಸಾಕು ಆಮೆಗೆ ತೊಟ್ಟಿ ಮತ್ತು ಬಿಸಿಲುಕಟ್ಟೆ ಹೊಂದಿಸುವ ಬಗೆ

ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ರೆಡ್ ಇಯರ್ಡ್ ಸ್ಲೈಡರ್ ಆಮೆ. ಅಮೆರಿಕದ ಮಿಸಿಸಿಪ್ಪಿ ನದಿಯ ಜಲಾನಯನ ಪ್ರದೇಶ ಇದರ ತವರು. ನಾನು ಇಲ್ಲಿ ಬರೆಯುತ್ತಿರುವುದು ಈ ಆಮೆಯ ಸಾಕಣೆಯ ಬಗ್ಗೆ ಮಾತ್ರ. ನಕ್ಷತ್ರ ಆಮೆಯನ್ನಾಗಲಿ, ನಮ್ಮ ಕೆರೆಗಳ ಫ್ಲ್ಯಾಪ್‌ಶೆಲ್ ಆಮೆಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಅಂಗಡಿಯಲ್ಲಿ ಮೂರು ಬೆರಳಗಲದ ಮರಿಯ ಜೊತೆಗೆ ಪ್ಲಾಸ್ಟಿಕ್ ಬೋಗುಣಿಯೊಂದನ್ನು ಕೊಟ್ಟು ಕಳುಹಿಸುತ್ತಾರೆ. ಮರಿ ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಹೆಣ್ಣಾಮೆಯ ಚಿಪ್ಪು 25 ಸೆಂಟಿಮೀಟರ್ ಮೀರುವುದುಂಟು, ಗಂಡು ಅದಕ್ಕಿಂತ ಚಿಕ್ಕದು. ಸರಿಯಾಗಿ ನೋಡಿಕೊಂಡರೆ 30 ವರ್ಷ ಬದುಕುವ ಪ್ರಾಣಿಯಿದು. ಆದ್ದರಿಂದ ತೊಟ್ಟಿಯನ್ನು ಇಂದಿನ ಮರಿಗಲ್ಲ, ನಾಳಿನ ಆಮೆಗೆ ಕೊಳ್ಳಬೇಕು. ಚಿಪ್ಪಿನ ಪ್ರತಿ ಒಂದು ಇಂಚು ಉದ್ದಕ್ಕೆ ಸುಮಾರು 38 ಲೀಟರ್ ನೀರು ಎಂಬುದು ಸಾಕುವವರ ನಡುವೆ ರೂಢಿಯಲ್ಲಿರುವ ಅಂದಾಜು. ಆ ಲೆಕ್ಕದಲ್ಲಿ ಬೆಳೆದ ಹೆಣ್ಣಾಮೆಯೊಂದಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ತೊಟ್ಟಿ ಬೇಕಾಗುತ್ತದೆ. ನೀರು ತುಂಬಿದ ಮೇಲೆ ಇದರ ತೂಕ 450 ಕಿಲೋ ಮೀರುವುದರಿಂದ, ಅದಕ್ಕಾಗಿಯೇ ಮಾಡಿಸಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಗೋಡೆಗೆ ಹೊಂದಿಕೊಂಡಂತೆ ಇಡುವುದು ಕ್ಷೇಮ. ಗಾಜಿನ ಖರ್ಚು ಹೆಚ್ಚೆನಿಸಿದರೆ ಅಷ್ಟೇ ನೀರು ಹಿಡಿಯುವ ಗಟ್ಟಿ ಪ್ಲಾಸ್ಟಿಕ್ ಟಬ್ಬು ಧಾರಾಳವಾಗಿ ಸಾಕು. ಆಮೆಗೆ ಬೇಕಿರುವುದು ಈಜಲು ಜಾಗವೇ ಹೊರತು ಅಂದವಲ್ಲ. ನೀರಿನ ಆಳ ಚಿಪ್ಪಿನ ಉದ್ದದ ಒಂದೂವರೆ ಪಟ್ಟಿಗಿಂತ ಕಡಿಮೆಯಿರಬಾರದು.

ತಳಕ್ಕೆ ಬಣ್ಣದ ಸಣ್ಣ ಕಲ್ಲುಗಳನ್ನು ಹಾಕಲೇಬಾರದು. ಆಮೆ ಅವನ್ನು ನುಂಗುತ್ತದೆ, ಅವು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ತಳವನ್ನು ಬರಿದಾಗಿ ಬಿಡಿ, ಇಲ್ಲವೇ ಆಮೆಯ ತಲೆಗಿಂತ ದೊಡ್ಡದಾದ ನುಣುಪು ಕಲ್ಲುಗಳನ್ನಷ್ಟೇ ಇಡಿ.

ಫಿಲ್ಟರಿನ ವಿಷಯದಲ್ಲಿ ಮೀನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆಮೆ ನೀರಿನಲ್ಲೇ ತಿಂದು, ಚೂರು ಉದುರಿಸಿ, ಅಲ್ಲೇ ವಿಸರ್ಜಿಸುತ್ತದೆ. ನಿಮ್ಮ ತೊಟ್ಟಿಯ ನೀರಿನ ಎರಡು-ಮೂರು ಪಟ್ಟು ಗಾತ್ರದ ತೊಟ್ಟಿಗೆಂದು ತಯಾರಿಸಿದ, ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಉತ್ತಮ. ಅದರೊಳಗಿನ ಸೆರಾಮಿಕ್ ರಿಂಗುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಈ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಆ ನೈಟ್ರೇಟನ್ನು ಹೊರಹಾಕಲು ವಾರಕ್ಕೊಮ್ಮೆ ಕಾಲು ಭಾಗದಷ್ಟಾದರೂ ನೀರು ಬದಲಿಸಬೇಕು. ರಿಂಗುಗಳನ್ನು ನೇರವಾಗಿ ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅವನ್ನು ಅದ್ದಿ ತೊಳೆಯಿರಿ, ಅಡುಗೆಮನೆಯ ಸಿಂಕಿನಲ್ಲಿ ಮಾತ್ರ ಬೇಡ. ಆಮೆಗಳಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವ ಸಂಭವವಿದೆ. ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕ 1975ರಲ್ಲಿ ನಿಷೇಧಿಸಿದ್ದು ಮಕ್ಕಳಿಗೆ ಅದರಿಂದ ಸೋಂಕು ತಗಲುತ್ತಿದ್ದ ಕಾರಣಕ್ಕೇ.

ಇನ್ನು ಬಿಸಿಲುಕಟ್ಟೆ, ಅಂದರೆ ಆಮೆ ನೀರಿನಿಂದ ಹತ್ತಿ ಮೈ ಕಾಯಿಸಿಕೊಳ್ಳುವ ಒಣ ಜಾಗ. ಹೊಸಬರು ಇದನ್ನು ಅಲಂಕಾರವೆಂದು ತಿಳಿದು ಕೊನೆಗೆ ಉಳಿದ ಹಣದಲ್ಲಿ ಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ಮೊದಲ ಖರ್ಚು. ಆಮೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು; ಹೊರಗಿನ ಕಾವಿಲ್ಲದೆ ತಿಂದದ್ದು ಜೀರ್ಣವಾಗುವುದಿಲ್ಲ, ಚಿಪ್ಪು ಒಣಗದಿದ್ದರೆ ಅಲ್ಲಿ ಶಿಲೀಂಧ್ರ ಮತ್ತು ಕೊಳೆ ಹತ್ತುತ್ತದೆ. ಕಟ್ಟೆಯು ಆಮೆಯ ಪೂರ್ತಿ ಮೈಯನ್ನು ನೀರಿನಿಂದ ಮೇಲಕ್ಕೆ ಹಿಡಿಯಬೇಕು, ಅದರ ಹೊಟ್ಟೆಯಡಿಯ ಚಿಪ್ಪೂ ಒಣಗುವಂತಿರಬೇಕು, ಅದು ತಿರುಗಿ ಕೂರುವಷ್ಟು ಅಗಲವಿರಬೇಕು. ತೇಲುವ ಪ್ಲಾಸ್ಟಿಕ್ ಕಟ್ಟೆಗಳು ಮರಿಗೆ ಸರಿ, ಆದರೆ ಬೆಳೆದ ಆಮೆ ಹತ್ತಿದೊಡನೆ ಒಂದು ಕಡೆಗೆ ವಾಲಿ ಮುಳುಗುತ್ತವೆ. ರಬ್ಬರ್ ಬಟ್ಟಲಿನಿಂದ ಗಾಜಿಗೆ ಅಂಟಿಸುವಂಥವೂ ಭಾರ ಹೆಚ್ಚಿದಂತೆ ಕಳಚಿ ಬೀಳುತ್ತವೆ. ದೊಡ್ಡ ಆಮೆಗೆ ತೊಟ್ಟಿಯ ಅಂಚಿನ ಮೇಲೆ ಕೂರುವ ಪೆಟ್ಟಿಗೆಯಂಥ ಕಟ್ಟೆಯನ್ನು ಮಾಡಿಸುವುದೇ ಲೇಸು: ಇದರಿಂದ ನೀರನ್ನೂ ಮೇಲಿನವರೆಗೆ ತುಂಬಬಹುದು. ನೀರಿನಿಂದ ಕಟ್ಟೆಗೆ ಏರುವ ಇಳಿಜಾರು ಹಲಗೆ ನುಣುಪಾಗಿದ್ದರೆ ಉಗುರು ಹಿಡಿಯದೆ ಆಮೆ ಜಾರುತ್ತದೆ, ನಾಲ್ಕು ಬಾರಿ ಜಾರಿದ ಮೇಲೆ ಹತ್ತುವುದನ್ನೇ ಬಿಡುತ್ತದೆ. ಹಲಗೆಗೆ ಪ್ಲಾಸ್ಟಿಕ್ ಜಾಲರಿ ಕಟ್ಟಿ, ಅದರ ಕೆಳತುದಿಯನ್ನು ನೀರಿನೊಳಕ್ಕೆ ಚೆನ್ನಾಗಿ ಇಳಿಸಿ.

ಕಟ್ಟೆಯ ಮೇಲೆ ಎರಡು ಬಗೆಯ ದೀಪ ಬೇಕು. ಒಂದು ಕಾವಿನ ಬಲ್ಬು. ಬಲ್ಬಿನ ಪೊಟ್ಟಣದ ಮೇಲಿನ ವ್ಯಾಟ್ ನೋಡಿ ನಿರ್ಧರಿಸಬೇಡಿ. ಕಟ್ಟೆಯ ಮೇಲೆ, ಆಮೆಯ ಬೆನ್ನು ಬರುವ ಎತ್ತರದಲ್ಲಿ ಥರ್ಮಾಮೀಟರ್ ಇಟ್ಟು, ದೀಪ ಉರಿದು ಒಂದು ಗಂಟೆ ಕಳೆದ ಮೇಲೆ ನೋಡಿ. 32 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಸರಿ. ಹೆಚ್ಚಾದರೆ ದೀಪವನ್ನು ಮೇಲಕ್ಕೆತ್ತಿ, ಕಡಿಮೆಯಾದರೆ ಇಳಿಸಿ. ಇನ್ನೊಂದು ಯುವಿಬಿ ಎಂಬ ಬಗೆಯ ನೇರಳಾತೀತ ಕಿರಣಗಳನ್ನು ಸೂಸುವ ದೀಪ. ಈ ಕಿರಣಗಳು ಮೈಗೆ ತಾಗಿದರೆ ಆಮೆಯ ಚರ್ಮದಲ್ಲಿ ವಿಟಮಿನ್ ಡಿ3 ಉಂಟಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಸಾಮಾನ್ಯ ಗಾಜು ಯುವಿಬಿಯನ್ನು ತಡೆಯುತ್ತದೆ. ಕಿಟಕಿಯ ಗಾಜಿನ ಹಿಂದೆ ಬಿಸಿಲು ಬಿದ್ದರೆ ಸಾಕೆಂದು ನಂಬಿ ಅನೇಕರು ಕೆಡುತ್ತಾರೆ. ದೀಪಕ್ಕೂ ಆಮೆಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಇರಬಾರದು, ಎಷ್ಟು ದೂರದಲ್ಲಿ ತೂಗುಹಾಕಬೇಕೆಂಬುದನ್ನು ತಯಾರಕರ ಸೂಚನೆಯಂತೆ ಪಾಲಿಸಬೇಕು. ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಯುವಿಬಿ ಕ್ರಮೇಣ ಕುಗ್ಗುತ್ತದೆ. ಆದ್ದರಿಂದ ಬಗೆಗೆ ತಕ್ಕಂತೆ ಆರು ತಿಂಗಳಿಗೋ ವರ್ಷಕ್ಕೋ ಬದಲಿಸಿ, ಹಾಕಿದ ದಿನಾಂಕವನ್ನು ಹೋಲ್ಡರಿನ ಮೇಲೆ ಬರೆದಿಡಿ. ಎರಡೂ ದೀಪಗಳು ಹಗಲು ಹನ್ನೆರಡು ಗಂಟೆ ಉರಿದು ರಾತ್ರಿ ಆರುವಂತೆ ಟೈಮರ್ ಹಾಕಿ.

ಕಟ್ಟೆ ಸರಿಯಾಗಿದೆಯೇ ಎಂಬುದನ್ನು ಆಮೆಯೇ ತೋರಿಸುತ್ತದೆ. ಅದು ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ, ಕತ್ತು ನೀಳವಾಗಿಸಿ ಅಲುಗಾಡದೆ ಮಲಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಚಿಪ್ಪಿನ ಹೊಳಪು ಆರಿ ಮಾಸಲು ಬಣ್ಣಕ್ಕೆ ತಿರುಗುತ್ತದೆ, ಹಳೆಯ ಪದರಗಳ ಅಂಚು ಒಣಗಿ ಎದ್ದುಕೊಳ್ಳುತ್ತವೆ. ಆ ಪದರಗಳನ್ನು ನೀವಾಗಿ ಕೀಳಬೇಡಿ. ದಿನವಿಡೀ ಕಟ್ಟೆ ಬಿಟ್ಟು ಇಳಿಯದಿದ್ದರೆ ನೀರು ತಣ್ಣಗಿರಬಹುದು, ಹತ್ತುವುದೇ ಇಲ್ಲವಾದರೆ ಕಟ್ಟೆ ಅತಿ ಬಿಸಿಯೋ ಅಲುಗಾಡುತ್ತಿದೆಯೋ ನೋಡಿ.

ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಇರಬೇಕು. ಮಂಗಳೂರಿನಲ್ಲಿ ವರ್ಷದ ಹೆಚ್ಚಿನ ಕಾಲ ಹೀಟರ್ ಬೇಕಾಗದು. ಬೆಂಗಳೂರಿನ ಡಿಸೆಂಬರ್-ಜನವರಿ ರಾತ್ರಿಗಳಿಗೆ ಬೇಕು. ಆಮೆ ಗುದ್ದಿ ಒಡೆಯದಂತೆ ಹೀಟರಿಗೆ ಪ್ಲಾಸ್ಟಿಕ್ ಕವಚವಿರಲಿ. ಎಲ್ಲ ವೈರುಗಳನ್ನೂ ಪ್ಲಗ್ಗಿಗಿಂತ ಕೆಳಕ್ಕೆ ಜೋಲುವಂತೆ ಬಿಟ್ಟರೆ ಹನಿದ ನೀರು ಸಾಕೆಟ್ಟಿಗೆ ಹೋಗದು. ಆ ಲೈನಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು, ನೀರಿಗೆ ಕೈ ಹಾಕುವ ಮುನ್ನ ಹೀಟರ್ ಮತ್ತು ಫಿಲ್ಟರ್ ಆರಿಸಲೇಬೇಕು.

ಹೆಣ್ಣಾಮೆ ಪ್ರಾಯಕ್ಕೆ ಬಂದ ಮೇಲೆ ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆದುಕೊಂಡು ಸಾಯುವ ಅಪಾಯವಿರುವುದರಿಂದ, ಕಟ್ಟೆಗೆ ಹೊಂದಿಕೊಂಡಂತೆ ತೇವದ ಮರಳು-ಮಣ್ಣು ತುಂಬಿದ ಒಂದು ಅಡಿ ಆಳದ ಪೆಟ್ಟಿಗೆಗೂ ಈಗಲೇ ಜಾಗ ಬಿಡಿ. ಅದು ಊಟ ಬಿಟ್ಟು, ಹಿಂಗಾಲಿನಿಂದ ಕಟ್ಟೆಯನ್ನು ಕೆರೆಯತೊಡಗಿದರೆ ಈ ಪೆಟ್ಟಿಗೆಗೆ ಬಿಡಿ. ಆಮೇಲೂ ಮೊಟ್ಟೆಯಿಡದೆ ಮಂಕಾದರೆ ತಡಮಾಡದೆ ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ.