ಮುಂಗಡ ಹಾಕುವ ಮುಂಚೆ ವೆಬ್‌ಸೈಟಿನ ವಯಸ್ಸು ನೋಡಿ

ಗಂಗಾವತಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ಭತ್ತ ನಾಟಿ ಯಂತ್ರ ಅರ್ಧ ಬೆಲೆಗೆ ಅಂತ ಒಂದು ಲಿಂಕ್ ಬಂದಿತ್ತು. ನಮ್ಮ ಮಾವ ಮುಂಗಡ ಹಾಕಲು ಹೊರಟಿದ್ದರು. '20 ವರ್ಷದ ಕಂಪನಿ' ಅಂತ ಬೇರೆ ಬರೆದಿತ್ತು. ವೆಬ್‌ಸೈಟ್ ಹೆಸರುಗಳ ನೋಂದಣಿ ವಿವರ ತೋರಿಸುವ lookup.icann.org ನಲ್ಲಿ ಆ ಸೈಟಿನ ಹೆಸರು ಹಾಕಿ ನೋಡಿದೆ. ನೋಂದಣಿಯಾಗಿ ಬರೀ 11 ದಿನ!

ಅಲ್ಲಿ ಮೊದಲು 'ಕ್ರಿಯೇಟೆಡ್' (Created), ಅಂದರೆ ಹೆಸರು ನೋಂದಣಿಯಾದ ದಿನಾಂಕ ನೋಡಿ. ಮಾಲೀಕರ ಹೆಸರು ಮುಚ್ಚಿದ್ದರೆ ಗಾಬರಿ ಬೇಡ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆ ಕಾನೂನಿನ ನಂತರ ಬಹಳಷ್ಟು ಕಡೆ ಹಾಗೇ ಇರುತ್ತದೆ. ಅಲ್ಲಿ ಕಾಣುವ ರಿಜಿಸ್ಟ್ರಾರ್ ಅಂದರೆ ಆ ಹೆಸರನ್ನು ನೋಂದಾಯಿಸಿಕೊಟ್ಟ ಕಂಪನಿ, ಸೈಟಿನ ಮಾಲೀಕ ಅಲ್ಲ. ಆ ರಿಜಿಸ್ಟ್ರಾರ್‌ನ 'ಅಬ್ಯೂಸ್' (ದುರ್ಬಳಕೆ ದೂರಿನ) ಇಮೇಲ್‌ಗೆ ದೂರು ಕಳಿಸಬಹುದು. ದಿನಾಂಕ ಹಳೇದಿದ್ದರೂ ಸುಮ್ನೆ ನಂಬಬೇಡಿ, ಹಳೇ ಹೆಸರನ್ನು ಯಾರಾದರೂ ಕೊಳ್ಳಬಹುದು ಅಲ್ವಾ? ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.