ಇಂಗ್ಲೆಂಡಿನಲ್ಲಿ ಮನೆ ವೈರಿಂಗ್: ಬೇರೆಯವರ ಕೆಲಸಕ್ಕೆ ಯಾರು ಸಹಿ ಹಾಕಬಹುದು?

ನಮ್ಮ ಅಡುಗೆಮನೆ ದೊಡ್ಡದು ಮಾಡಿಸಿದಾಗ ಬಿಲ್ಡರೇ ಒಬ್ಬ ಹುಡುಗನನ್ನು ಕರೆತಂದು ವೈರಿಂಗ್ ಮಾಡಿಸಿದರು. ಓವನ್ನಿಗೆ ಒಂದು ಹೊಸ ಸರ್ಕ್ಯೂಟ್, ಸಾಕೆಟ್ಟುಗಳಿಗೆ ಇನ್ನೊಂದು. ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಗೋಡೆಗೆ ಪ್ಲಾಸ್ಟರ್ ಆಗಿ, ಬಣ್ಣವೂ ಬಳಿದಾದ ಮೇಲೆ ಸರ್ಟಿಫಿಕೇಟ್ ಕೇಳಿದರೆ, ಆ ಹುಡುಗನಿಗೆ ಯಾವ ನೋಂದಣಿಯೂ ಇಲ್ಲ ಅಂತ ಗೊತ್ತಾಯಿತು. ಸರಿ, ನೋಂದಣಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಕನ್ಸ್ಯೂಮರ್ ಯೂನಿಟ್ಟಿನ (ಫ್ಯೂಸ್ ಬಾಕ್ಸಿನ) ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡಿ, ಮತ್ತೆ ಮುಚ್ಚಳ ಹಾಕಿದರು. "ಟೆಸ್ಟ್ ಮಾಡಿ ರಿಪೋರ್ಟ್ ಕೊಡ್ತೀನಿ. ಆದರೆ ನಾನು ಎಳೆಯದ ವೈರಿಗೆ ನಾನು ಸಹಿ ಹಾಕೋಕಾಗಲ್ಲ" ಅಂದರು.

ಆಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಫಾರಂ ನೋಡಿದಾಗ ಅರ್ಥವಾಯಿತು. ಹೊಸ ವೈರಿಂಗಿಗೆ ಕೊಡುವ ಎಲೆಕ್ಟ್ರಿಕಲ್ ಇನ್‌ಸ್ಟಾಲೇಷನ್ ಸರ್ಟಿಫಿಕೇಟಿನಲ್ಲಿ ಡಿಸೈನ್ ಮಾಡಿದ್ದಕ್ಕೆ, ಕೆಲಸ ಮಾಡಿದ್ದಕ್ಕೆ, ಪರೀಕ್ಷೆ ಮಾಡಿದ್ದಕ್ಕೆ ಬೇರೆ ಬೇರೆ ಸಹಿ ಬೇಕು. ಗೋಡೆ ಮುಚ್ಚಿದ ಮೇಲೆ ಬಂದವರು ಮೊದಲಿನ ಎರಡಕ್ಕೆ ಹೇಗೆ ಸಹಿ ಹಾಕುತ್ತಾರೆ? ಹಾಕಿದರೆ ಅದು ಸುಳ್ಳು ಕಾಗದ, ಅಷ್ಟೇ. "ಯಾರಾದ್ರೂ ಗೊತ್ತಿರೋರ ಹತ್ರ ಒಂದು ಸಹಿ ಹಾಕಿಸಿಕೊಂಡ್ರಾಯ್ತು" ಅನ್ನುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದಕ್ಕೆಲ್ಲ ಆಧಾರ ಬಿಲ್ಡಿಂಗ್ ರೆಗ್ಯುಲೇಷನ್ಸ್‌ನ (ಕಟ್ಟಡ ನಿಯಮಗಳ) ಪಾರ್ಟ್ ಪಿ, ಅಂದರೆ ಮನೆ ವೈರಿಂಗಿನ ಸುರಕ್ಷತೆಯ ಭಾಗ. 2005ರ ಜನವರಿ 1ರಿಂದ ಜಾರಿಯಲ್ಲಿದೆ. ಎಲ್ಲ ಕೆಲಸಕ್ಕೂ ಕಾಗದಪತ್ರ ಬೇಕು ಅಂತಲ್ಲ. ಬಿಲ್ಡಿಂಗ್ ಕಂಟ್ರೋಲಿಗೆ (ಕಟ್ಟಡ ನಿಯಮ ಪಾಲನೆ ನೋಡುವವರಿಗೆ) ತಿಳಿಸಬೇಕಾದ, ಅಂದರೆ ನೋಟಿಫೈ ಮಾಡಬೇಕಾದ, ಕೆಲಸಗಳ ಪಟ್ಟಿ 2013ರಲ್ಲಿ ಚಿಕ್ಕದಾಯಿತು. ಈಗ ಇಂಗ್ಲೆಂಡಿನಲ್ಲಿ ನೋಟಿಫೈ ಮಾಡಲೇಬೇಕಾದದ್ದು ಹೊಸ ಸರ್ಕ್ಯೂಟ್ ಎಳೆಯುವುದು, ಕನ್ಸ್ಯೂಮರ್ ಯೂನಿಟ್ ಬದಲಾಯಿಸುವುದು, ಸ್ನಾನದ ಟಬ್ ಅಥವಾ ಶವರ್‌ನ ಹತ್ತಿರದ ಜಾಗದಲ್ಲಿ ಇರುವ ಸರ್ಕ್ಯೂಟಿಗೆ ಏನಾದರೂ ಸೇರಿಸುವುದು ಅಥವಾ ಬದಲಿಸುವುದು. ಹತ್ತಿರ ಅಂದರೆ ಟಬ್ಬಿನ ಅಂಚಿನಿಂದ 0.6 ಮೀಟರ್ ಒಳಗೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ. ಈಜುಕೊಳ, ಸೌನಾ ಕೋಣೆಯೂ ಈ ಪಟ್ಟಿಯಲ್ಲಿವೆ. ಹಾಳಾದ ಸಾಕೆಟ್ ತೆಗೆದು ಅದೇ ಜಾಗಕ್ಕೆ ಹೊಸದು ಹಾಕುವುದು ಪಟ್ಟಿಯಲ್ಲಿಲ್ಲ. ಆದರೆ ಕೆಲಸ ಸುರಕ್ಷಿತವಾಗಿರಬೇಕು ಅನ್ನುವ ನಿಯಮ ಅದಕ್ಕೂ ಇದೆ.

ಪಟ್ಟಿಯಲ್ಲಿರುವ ಕೆಲಸಕ್ಕೆ ಮೂರು ದಾರಿಗಳಿವೆ. ಸುಲಭದ್ದು, ಎಲೆಕ್ಟ್ರಿಷಿಯನ್ನರ ನೋಂದಣಿ ಮಾಡುವ ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸ್ಕೀಮಿನಲ್ಲಿ ಹೆಸರಿರುವ ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಕೆಲಸ ಮಾಡಿಸುವುದು. ಅವರು ತಮ್ಮ ಕೆಲಸಕ್ಕೆ ತಾವೇ ಸಹಿ ಹಾಕಬಹುದು. ಗಮನಿಸಿ, ತಮ್ಮ ಕೆಲಸಕ್ಕೆ ಮಾತ್ರ.

ಇನ್ನೊಂದು ದಾರಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದರ ಹೆಸರು ಥರ್ಡ್ ಪಾರ್ಟಿ ಸರ್ಟಿಫಿಕೇಷನ್. ನೋಂದಣಿ ಇಲ್ಲದವರು ಮಾಡಿದ ಕೆಲಸವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದಕ್ಕೆ ಅಂತಲೇ ಬೇರೆ ನೋಂದಣಿ ಇದೆ, ಅದು ಇರುವವರು ಮಾತ್ರ ಬೇರೆಯವರ ಕೆಲಸಕ್ಕೆ ಸಹಿ ಹಾಕಬಹುದು. ವ್ಯಾನಿನ ಮೇಲೆ ಸ್ಕೀಮಿನ ಲೋಗೋ ಇದೆ ಅಂದ ಮಾತ್ರಕ್ಕೆ ಈ ಅಧಿಕಾರ ಇದೆ ಅಂತಲ್ಲ, ನೇರವಾಗಿ ಕೇಳಿ, ಸ್ಕೀಮಿನ ವೆಬ್‌ಸೈಟಿನಲ್ಲಿ ಹೆಸರು ನೋಡಿ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಕೆಲಸ ಶುರುವಾಗುವ ಮೊದಲೇ ಇವರನ್ನು ಗೊತ್ತು ಮಾಡಿಕೊಂಡಿರಬೇಕು. ವೈರ್ ಎಳೆದಾಗ, ಪ್ಲಾಸ್ಟರಿಗೆ ಮೊದಲು, ಅವರು ಒಮ್ಮೆ ಬಂದು ನೋಡುವ ಹಾಗೆ ಮಾತಾಡಿಕೊಳ್ಳಿ. ಕೆಲಸ ಮುಗಿದ 5 ದಿನದೊಳಗೆ ವೈರಿಂಗ್ ಮಾಡಿದವರು ಅವರಿಗೆ ತಿಳಿಸಬೇಕು. ಅವರು ಪರೀಕ್ಷೆ ಮಾಡಿ, ಎಲ್ಲ ಸರಿಯಿದ್ದರೆ ವೈರಿಂಗಿನ ಸ್ಥಿತಿ ಹೇಳುವ ಕಂಡಿಷನ್ ರಿಪೋರ್ಟ್ ಕೊಡುತ್ತಾರೆ. ಅದಾದ 30 ದಿನದೊಳಗೆ ನಿಮ್ಮ ಕೈಗೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಪಾಲಿಸಿದೆ ಅನ್ನುವ ಕಂಪ್ಲಯನ್ಸ್ ಸರ್ಟಿಫಿಕೇಟ್ ಬರಬೇಕು, ಬಿಲ್ಡಿಂಗ್ ಕಂಟ್ರೋಲಿಗೂ ಮಾಹಿತಿ ಹೋಗಬೇಕು.

ಮೂರನೆಯದು ಬಿಲ್ಡಿಂಗ್ ಕಂಟ್ರೋಲ್. ಕೌನ್ಸಿಲ್ಲಿಗೆ (ಸ್ಥಳೀಯ ಆಡಳಿತಕ್ಕೆ) ಮೊದಲೇ ತಿಳಿಸಿ, ಶುಲ್ಕ ಕಟ್ಟಿ ಕೆಲಸ ಶುರು ಮಾಡುವುದು. ಎಷ್ಟು ಪರೀಕ್ಷೆ ಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ನೀವೇ ಕೈಯಾರೆ ವೈರಿಂಗ್ ಮಾಡುವುದಾದರೂ ಈ ದಾರಿ ಇದೆ.

ಅದಿರಲಿ, ಕೈಯಾರೆ ಮಾಡುವವರಿಗೆ ಒಂದು ಮಾತು. ನಮ್ಮೂರಿನ ವೈರ್ ಬಣ್ಣ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಸ್ವಿಚ್ ಬಿಚ್ಚಬೇಡಿ. ಅಲ್ಲಿ ಕಪ್ಪು ಅಂದರೆ ನ್ಯೂಟ್ರಲ್, ನೀಲಿ ಅಂದರೆ ಮೂರು ಫೇಸ್‌ಗಳಲ್ಲಿ ಒಂದು. ಇಲ್ಲಿ 2006ರ ಏಪ್ರಿಲ್ ನಂತರದ ವೈರಿಂಗಿನಲ್ಲಿ ಕಂದು ಲೈವ್, ನೀಲಿ ನ್ಯೂಟ್ರಲ್. ಮೆಟ್ಟಿಲ ಹತ್ತಿರದ ಟೂ ವೇ ಸ್ವಿಚ್ಚಿಗೆ ಬರುವ ಮೂರೆಳೆ ಕೇಬಲ್ಲಿನಲ್ಲಿ ಕಂದಿನ ಜೊತೆ ಕಪ್ಪು, ಬೂದು ಬಣ್ಣಗಳೂ ಇರುತ್ತವೆ, ಆ ಕಪ್ಪು ಕೂಡ ಲೈವ್ ಆಗಿರಬಹುದು! ಕಪ್ಪು ತಾನೇ ಅಂತ ಮುಟ್ಟಿದರೆ ಜೀವಕ್ಕೇ ಅಪಾಯ.

ಕಂಡಿಷನ್ ರಿಪೋರ್ಟ್, ಅಂದರೆ ಇಐಸಿಆರ್, ಇದರ ಬಗ್ಗೆ ಜಾಸ್ತಿ ಗೊಂದಲ ಇದೆ. ಅದು ಇವತ್ತು ಮನೆಯ ವೈರಿಂಗ್ ಯಾವ ಸ್ಥಿತಿಯಲ್ಲಿದೆ ಅಂತ ಹೇಳುತ್ತದೆ. ಸಿ1 ಅಂದರೆ ಈಗಲೇ ಅಪಾಯ, ಸಿ2 ಅಂದರೆ ಅಪಾಯ ಆಗಬಹುದು, ಸಿ3 ಅಂದರೆ ಸುಧಾರಿಸಿದರೆ ಒಳ್ಳೆಯದು. ಮನೆ ಬಾಡಿಗೆಗೆ ಕೊಡುವವರು 2020ರ ನಿಯಮದ ಪ್ರಕಾರ ಕನಿಷ್ಠ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಈ ಪರೀಕ್ಷೆಯನ್ನು ವೈರಿಂಗ್ ಮಾಡಿದವರೇ ಮಾಡಬೇಕಿಲ್ಲ, ಅರ್ಹತೆ ಮತ್ತು ಅನುಭವ ಇರುವ ಬೇರೆಯವರು ಮಾಡಬಹುದು. ಆದರೆ ಬರೀ ಇಐಸಿಆರ್ ಇದ್ದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಇದ್ದ ಹಾಗಲ್ಲ. ಮನೆ ಮಾರುವಾಗ ಸಾಲಿಸಿಟರ್ ತುಂಬಿಸುವ ಫಾರಂನಲ್ಲಿ 2005ರ ಜನವರಿ 1ರ ನಂತರ ಎಲೆಕ್ಟ್ರಿಕಲ್ ಕೆಲಸ ಆಗಿದೆಯಾ, ಕಾಗದ ಎಲ್ಲಿ ಅಂತ ಕೇಳುತ್ತಾರೆ. ಆಗ ಇವೆರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಹೇಳಿದ್ದು ಇಂಗ್ಲೆಂಡಿನ ಮಾತು. ವೇಲ್ಸ್‌ನಲ್ಲಿ ಥರ್ಡ್ ಪಾರ್ಟಿ ದಾರಿ ಇಲ್ಲ, ನೋಟಿಫೈ ಮಾಡಬೇಕಾದ ಪಟ್ಟಿಯೂ ಇಲ್ಲಿಗಿಂತ ಉದ್ದ. ಸ್ಕಾಟ್ಲೆಂಡಿನದು ಬೇರೆಯೇ ವ್ಯವಸ್ಥೆ.

ನಮ್ಮ ಹಾಗೆ ಕೆಲಸ ಮುಗಿದ ಮೇಲೆ ಎಚ್ಚೆತ್ತವರಿಗೆ ಉಳಿಯುವುದು ರೆಗ್ಯುಲರೈಸೇಷನ್, ಅಂದರೆ ಮುಗಿದ ಕೆಲಸಕ್ಕೆ ಆಮೇಲೆ ಒಪ್ಪಿಗೆ ಪಡೆಯುವುದು. ಇದನ್ನು ಕೊಡುವ ಅಧಿಕಾರ ಕೌನ್ಸಿಲ್ಲಿಗೆ ಮಾತ್ರ, ಖಾಸಗಿ ಬಿಲ್ಡಿಂಗ್ ಕಂಟ್ರೋಲ್ ಕಂಪನಿಗಳಿಗೆ ಇಲ್ಲ. ನಾವು ಅರ್ಜಿ ಹಾಕಿದೆವು. ಟೆಸ್ಟ್ ರಿಪೋರ್ಟ್ ಕೇಳಿದರು, ಕೊಟ್ಟೆವು. ವೈರಿನ ನಡುವಿನ ಇನ್ಸುಲೇಷನ್ ನೋಡಲು 500 ವೋಲ್ಟ್ ಬಿಟ್ಟು ಅಳೆದಿದ್ದರು, ಎಲ್ಲ ಸರಿ ಬಂದಿತ್ತು. ಆದರೂ ಕೇಬಲ್ ಯಾವ ದಾರಿಯಲ್ಲಿ ಹೋಗಿದೆ ಅಂತ ನೋಡಲು ಓವನ್ ಹಿಂದೆ ಒಂದು ಕಡೆ, ಬಾಗಿಲ ಪಕ್ಕ ಇನ್ನೊಂದು ಕಡೆ ಪ್ಲಾಸ್ಟರ್ ಒಡೆಯಿರಿ ಅಂದರು. ಒಡೆದೆವು. ಓವನ್ ಹಿಂದಿನದು ಸರಿಯಿತ್ತು. ಬಾಗಿಲ ಪಕ್ಕದ ಕೇಬಲ್ ಸ್ವಿಚ್ಚಿನಿಂದ ನೇರ ಮೇಲಕ್ಕೆ ಹೋಗುವ ಬದಲು ಗೋಡೆಯಲ್ಲಿ ಓರೆಯಾಗಿ ಹೋಗಿತ್ತು. ಅಲ್ಲಿ ಗಡಿಯಾರಕ್ಕೆ ಮೊಳೆ ಹೊಡೆಯಬೇಕು ಅಂತ ನನ್ನ ಹೆಂಡತಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದಳು.