ಅಜ್ಜನ ಮಾರ್ಲಿನ್ ಕೋವಿ, ಪೆರ್ಲದ ಮಳೆ

ಕಾಸರಗೋಡು ಜಿಲ್ಲೆಯ ಪೆರ್ಲ ನಮ್ಮ ಊರು. ನಮ್ಮ ಮನೆಯ ಕೋವಿ ಮಾರ್ಲಿನ್ 39ಎ. ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ತಯಾರಾದದ್ದು. ಪಾಯಿಂಟ್ 22 ಬೋರಿನ ಲಿವರ್ ರೈಫಲ್. ಟ್ರಿಗರಿನ ಸುತ್ತ ಇರುವ ಹಿಡಿಯನ್ನು ಕೆಳಕ್ಕೆ ದೂಡಿ ವಾಪಸು ಎಳೆದರೆ ಖಾಲಿ ತೋಟೆ ಬಲಗಡೆಗೆ ಹಾರಿ ಹೋಗುತ್ತದೆ, ಹೊಸದು ನಳಿಗೆಯೊಳಗೆ ಕೂರುತ್ತದೆ, ಪಿನ್ನಿಗೆ ಬಡಿಯುವ ಹ್ಯಾಮರ್ ಹಿಂದೆ ನಿಲ್ಲುತ್ತದೆ. ಮೂರೂ ಕೆಲಸ ಒಂದೇ ಎಳೆತದಲ್ಲಿ. ಇದರ ಮೂಲ ವಿನ್ಯಾಸ 1891ರದ್ದು. 1922ರಲ್ಲಿ ಮಾಡೆಲ್ 39 ಬಂತು, 1939ರಲ್ಲಿ 39ಎ. ನಮ್ಮದು 50ರ ದಶಕದ ಶುರುವಿನದು.

ಅಜ್ಜ ಇದನ್ನು ಕೊಳ್ಳುವಾಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಹಾಗಾಗಿ ಹಳೆ ಲೈಸನ್ಸ್ ಕಾಗದಕ್ಕೆ ಮಂಗಳೂರಿನ ಸೀಲು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಆಮೇಲಿನ ಪುಟಗಳಲ್ಲಿ ಕಣ್ಣೂರಿನ ಸೀಲು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾದ ನಂತರ ಇಲ್ಲಿನದೇ. ಆ ಕಾಗದಗಳನ್ನೆಲ್ಲ ಅಪ್ಪ ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಇಟ್ಟಿದ್ದರು. ನನ್ನ ಹೆಸರಿಗೆ ಮಾಡಿಸುವಾಗ ಅವೇ ಉಪಯೋಗಕ್ಕೆ ಬಂದದ್ದು.

ಅಪ್ಪನಿಗೆ 70 ತುಂಬಿದ ಮೇಲೆ ಒಂದು ದಿನ ಅವರೇ ಹೇಳಿದರು: "ಮಗಾ, ನನ್ನ ಕೈ ಗಟ್ಟಿ ಇರುವಾಗಲೇ ಇದನ್ನು ನಿನಗೆ ಕೊಟ್ಟುಬಿಡ್ತೇನೆ. ಆಮೇಲೆ ಇದು ಯಾವುದೋ ಮೂಲೆಯಲ್ಲಿ ತುಕ್ಕು ಹಿಡಿಯುವುದು ಬೇಡ." 2016ರ ಆಯುಧ ನಿಯಮಗಳಲ್ಲಿ ಇದಕ್ಕೆ ದಾರಿ ಉಂಟು. ಲೈಸನ್ಸ್ ಇದ್ದವರಿಗೆ 70 ವರ್ಷವಾದರೆ, ಅಥವಾ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದರೆ, ವಾರಸುದಾರರು ಲೈಸನ್ಸಿಗೆ ಅರ್ಜಿ ಹಾಕಬಹುದು. ಅಣ್ಣ ಮತ್ತು ಅಕ್ಕ ತಕರಾರಿಲ್ಲ ಅಂತ ಬರೆದು ಕೊಟ್ಟರು. ಕೋವಿ ಹಿಡಿಯುವ ತರಬೇತಿಯ ಸರ್ಟಿಫಿಕೇಟ್ ಮಾಡಿಸಿದೆ. ಪೊಲೀಸ್ ವಿಚಾರಣೆ ಆಯಿತು. ವಿದ್ಯಾನಗರದ ಕಲೆಕ್ಟರೇಟಿಗೆ ಸುಮಾರು ಸಲ ಹೋಗಿ ಬಂದೆ. ಈಗ ಲೈಸನ್ಸಿನ ಅವಧಿ 5 ವರ್ಷ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿಗೆ ಎರಡು ಕೋವಿಗಿಂತ ಜಾಸ್ತಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಅಜ್ಜನ ಜೋಡು ನಳಿಗೆಯ ತೋಟೆ ಕೋವಿ ಅಣ್ಣನ ಹೆಸರಿಗೆ ಹೋಯಿತು. ಅವನಿಗೆ ಅದು, ನನಗೆ ಇದು. ಇಬ್ಬರಿಗೂ ಸಮಾಧಾನ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಯಜಮಾನರು ತೀರಿಕೊಂಡ ಮೇಲೆ ಕೋವಿ ಹಾಗೇ ಅಟ್ಟದಲ್ಲಿ ಉಳಿಯುವುದುಂಟು. ದಯವಿಟ್ಟು ಹಾಗೆ ಬಿಡಬೇಡಿ. ಪೊಲೀಸ್ ಸ್ಟೇಶನ್ನಿಗೋ ಲೈಸನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಶೀದಿ ತೆಗೆದುಕೊಳ್ಳಿ, ಆಮೇಲೆ ನಿಧಾನಕ್ಕೆ ಅರ್ಜಿಯ ಕೆಲಸ ನೋಡಿ. ಸುಮ್ನೆ ಇಟ್ಟುಕೊಂಡರೆ ಅದು ಅಪರಾಧ. ಕೋವಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಇನ್ನು ನನಗೆ ತುಂಬ ಇಷ್ಟದ ಕೆಲಸಕ್ಕೆ ಬರುತ್ತೇನೆ. ಈ ಕೋವಿಯನ್ನು ಬಿಚ್ಚುವುದು. ಬಲಬದಿಯಲ್ಲಿ ಒಂದು ದೊಡ್ಡ ತಲೆಯ ಸ್ಕ್ರೂ ಉಂಟು. ಸ್ಪಾನರ್ ಬೇಡ, ಸ್ಕ್ರೂಡ್ರೈವರೂ ಬೇಡ. ನಾನು ಹಳೆ ಎಂಟಾಣೆ ನಾಣ್ಯ ಇಟ್ಟುಕೊಂಡಿದ್ದೇನೆ. ಮೊದಲು ಮ್ಯಾಗಜಿನ್ ಕೊಳವೆ, ಅಂದರೆ ತೋಟೆ ತುಂಬಿಸಿಡುವ ಕೊಳವೆ, ಹೊರಗೆ ತೆಗೆದು ನೋಡಬೇಕು. ಲಿವರ್ ತೆರೆದು ನಳಿಗೆಯೊಳಗೆ ಕಣ್ಣಿನಿಂದ ನೋಡಬೇಕು, ಬೆರಳಿನಿಂದಲೂ ಮುಟ್ಟಿ ನೋಡಬೇಕು. ಖಾಲಿ ಅಂತ ಖಾತ್ರಿಯಾದ ಮೇಲೆ ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ, ನಾಣ್ಯದಿಂದ ಸ್ಕ್ರೂ ಸಡಿಲಿಸಿ, ಮರದ ಹಿಡಿಯನ್ನು ಅಂಗೈಯಿಂದ ಮೆಲ್ಲ ತಟ್ಟಬೇಕು. ಕೋವಿ ಎರಡು ತುಂಡಾಗಿ ಕೈಗೆ ಬರುತ್ತದೆ. ಹಲಸಿನ ಹಣ್ಣು ಬಿಡಿಸಿದ ಹಾಗೆ ಒಳಗಿನದೆಲ್ಲ ಕಾಣುತ್ತದೆ. ತೋಟೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವ ಬೋಲ್ಟ್ ಹಿಂದಕ್ಕೆ ಜಾರಿಸಿದರೆ ಅದೂ ಹೊರಗೆ.

ಹೀಗೆ ಬಿಚ್ಚಲು ಆಗುವುದೇ ದೊಡ್ಡ ಅನುಕೂಲ. ಹೆಚ್ಚಿನ ಲಿವರ್ ಕೋವಿಗಳನ್ನು ನಳಿಗೆಯ ಬಾಯಿಯ ಕಡೆಯಿಂದ ಸರಳು ಹಾಕಿ ಒರೆಸಬೇಕಾಗುತ್ತದೆ. ಸರಳು ತಾಗಿ ತಾಗಿ ನಳಿಗೆಯ ತುದಿ ಸವೆಯುತ್ತದೆ. ಗುಂಡಿನ ದಿಕ್ಕು ಕೊನೆಗೆ ತೀರ್ಮಾನವಾಗುವುದು ಆ ತುದಿಯಲ್ಲೇ ಅಲ್ವಾ? ಇದನ್ನು ಹಿಂದಿನಿಂದಲೇ ಒರೆಸಬಹುದು. ಪಾಯಿಂಟ್ 22ರ ಗುಂಡು ಮೆದು ಸೀಸ, ಮೇಲೆ ಮೇಣದ ಲೇಪ. ಅದಕ್ಕೆ ಪ್ರತಿ ಸಲ ಬ್ರಶ್ ಹಾಕಿ ಉಜ್ಜುವುದು ಬೇಡ. ಎಣ್ಣೆ ತಾಗಿಸಿದ ಬಟ್ಟೆಯ ತುಂಡು, ಹಿಂದೆಯೇ ಒಣ ತುಂಡು, ಅಷ್ಟು ಸಾಕು. ಚೇಂಬರಿಗೆ, ಅಂದರೆ ನಳಿಗೆಯ ಹಿಂಭಾಗದಲ್ಲಿ ತೋಟೆ ಕೂರುವ ಜಾಗಕ್ಕೆ, ಮಾತ್ರ ಜಾಸ್ತಿ ಗಮನ ಕೊಡುತ್ತೇನೆ. ಅಜ್ಜನ ಕಾಲದಲ್ಲಿ ಶಾರ್ಟ್ ತೋಟೆ ಬಳಸಿದ್ದರಂತೆ. ಗಿಡ್ಡ ತೋಟೆ ಹೊಡೆದಾಗ ಅದರ ಮುಂದಿನ ಜಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ ತೋಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆ ಬ್ರಶ್ಶಿನಿಂದ ನಿಧಾನಕ್ಕೆ ತಿರುಗಿಸಿ ತೆಗೆದೆ. ಈಗ ತೋಟೆ ತಡೆಯಿಲ್ಲದೆ ಒಳಗೆ ಹೋಗುತ್ತದೆ.

ಖಾಲಿ ಕೋವಿಯ ಟ್ರಿಗರ್ ಎಳೆದು ಆಟವಾಡುವ ಅಭ್ಯಾಸ ಇದ್ದರೆ ಬಿಡಿ. ಈ ಜಾತಿಯ ತೋಟೆಯಲ್ಲಿ ಸಿಡಿಯುವ ಮದ್ದು ಇರುವುದು ಹಿಂಬದಿಯ ಅಂಚಿನೊಳಗೆ. ಹಾಗಾಗಿ ಪಿನ್ನು ಹೊಡೆಯುವುದೂ ಅಂಚಿಗೇ. ತೋಟೆ ಇಲ್ಲದಿದ್ದರೆ ಅದು ನಳಿಗೆಯ ಉಕ್ಕಿಗೆ ಬಡಿಯಬಹುದು. ಪಿನ್ನೂ ಹಾಳು, ಚೇಂಬರಿನ ಅಂಚೂ ಹಾಳು. ಬಿಡಿಭಾಗ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ನಮ್ಮ ಊರಿನಲ್ಲಿ ಕೋವಿಯ ದೊಡ್ಡ ಶತ್ರು ಮಳೆಗಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಚರ್ಮದ ಚೀಲದಲ್ಲಿ ಇಟ್ಟರೆ ಚೆಂದ ಕಾಣುತ್ತದೆ, ಆದರೆ ಚರ್ಮ ನೀರಿನಂಶ ಹೀರಿ ಉಕ್ಕಿಗೆ ಅಂಟಿಸುತ್ತದೆ. ಒಂದೇ ಮಳೆಗಾಲ ಸಾಕು, ನಳಿಗೆಗೆ ಕೆಂಪು ಚುಕ್ಕೆ ಬೀಳಲು. ನಾನು ಚೀಲವನ್ನು ಸಾಗಿಸಲು ಮಾತ್ರ ಬಳಸುತ್ತೇನೆ. ಕೋವಿ ಇರುವುದು ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಕಪಾಟಿನಲ್ಲಿ. ತೋಟೆ ಬೇರೆ ಕಪಾಟಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಒಳಗೆ ಸಿಲಿಕಾ ಜೆಲ್ ಇಡುತ್ತೇನೆ. ಅದರ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಇಡುತ್ತೇನೆ. ಯಾರಾದರೂ ಮುಟ್ಟಿದರೆ ಆ ದಿನವೇ ಒರೆಸಬೇಕು, ಬೆವರಿನ ಉಪ್ಪು ಸುಮ್ಮನಿರುವುದಿಲ್ಲ.

ಮನೆಯಲ್ಲಿ ತೆಂಗಿನೆಣ್ಣೆ ಬೇಕಾದಷ್ಟು ಉಂಟು, ಅದನ್ನೇ ಹಾಕಬಾರದಾ ಅಂತ ಅಮ್ಮ ಕೇಳಿದ್ದರು. ಬೇಡ ಅಮ್ಮ ಅಂದೆ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದ ಹಾಗೆ ಅಂಟಾಗಿ ಧೂಳು ಹಿಡಿಯುತ್ತದೆ. ಉಕ್ಕಿಗೆ ತೆಳ್ಳಗಿನ ಕೋವಿ ಎಣ್ಣೆ. ವಾಲ್‌ನಟ್ ಮರದ ಹಿಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ, ಅದೂ ಬೆರಳ ತುದಿಯಲ್ಲಿ ತೆಗೆದು ಬಿಸಿಯಾಗುವವರೆಗೆ ಉಜ್ಜಬೇಕು. ನಳಿಗೆಯ ಕಪ್ಪು ಬಣ್ಣ ಅಜ್ಜ ಎಡಗೈ ಹಿಡಿಯುತ್ತಿದ್ದ ಜಾಗದ ಹತ್ತಿರ ಮಾಸಿದೆ. ಹೊಸದಾಗಿ ಬಣ್ಣ ಮಾಡಿಸು ಅಂತ ಹೇಳಿದವರಿದ್ದಾರೆ. ನಾನು ಮಾಡಿಸುವುದಿಲ್ಲ. ಆ ಮಾಸಿದ ಜಾಗ ಹಾಗೇ ಇರಲಿ.

ಚುನಾವಣೆ ಬಂದಾಗ ಕೋವಿಯನ್ನು ಸ್ಟೇಶನ್ನಿಗೆ ಒಪ್ಪಿಸಬೇಕಾಗಿ ಬರುವುದುಂಟು. ಕೊಡುವ ಹಿಂದಿನ ದಿನ ಎಣ್ಣೆ ಸ್ವಲ್ಪ ದಪ್ಪಕ್ಕೇ ಹಚ್ಚುತ್ತೇನೆ. ವಾಪಸು ತಂದ ದಿನ ಮೊದಲ ಕೆಲಸ ಬಿಚ್ಚಿ ಒರೆಸುವುದು.

"ಇದರಲ್ಲಿ ಹಂದಿಗೆ ಆಗ್ತದಾ ಭಾವ?" ಅಂತ ಕೇಳುವವರು ತುಂಬ. ತೋಟಕ್ಕೆ ಹಂದಿ ಬರುವ ಕಷ್ಟ ನನಗೂ ಉಂಟು. ಆದರೆ ಇದರ ಗುಂಡು 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ. ಇದರಿಂದ ಹಂದಿ ಸಾಯುವುದಿಲ್ಲ, ಗಾಯವಾಗಿ ಎಲ್ಲೋ ಪೊದೆಯಲ್ಲಿ ನರಳುತ್ತದೆ, ಇಲ್ಲವೇ ಎದುರು ಬರುವವರ ಮೇಲೆ ಬೀಳುತ್ತದೆ. ಹಂದಿಗೆ ಪಂಚಾಯತಿನ ಅನುಮತಿಯ ದಾರಿ ಬೇರೆ, ಅದರ ಕೋವಿಯೂ ಬೇರೆ. ಈ ರೈಫಲ್ ಗುರಿಗೆ, ಅಷ್ಟೇ.

ಗುರಿ ಹೊಡೆಯುವುದೂ ತೋಟದಲ್ಲಿ ಅಲ್ಲ. ಪಾಯಿಂಟ್ 22 ಸಣ್ಣದು ಅಂತ ಸಸಾರ ಮಾಡುವವರಿದ್ದಾರೆ. ಇದರ ಗುಂಡು ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ನಮ್ಮಲ್ಲಿ ಒಂದೊಂದು ಗುಡ್ಡದ ಮಗ್ಗುಲಲ್ಲಿ ಒಂದೊಂದು ಮನೆ, ಎಲ್ಲಿ ನೋಡಿದರೂ ಕಾಲುದಾರಿ. ಮುರಕಲ್ಲಿನ ಕೋರೆ ಒಳ್ಳೆಯ ಜಾಗ ಅಂತ ಕೆಲವರು ಹೇಳುತ್ತಾರೆ. ಕಲ್ಲಿಗೆ ತಾಗಿದ ಸೀಸ ಯಾವ ಕಡೆ ಪುಟಿಯುತ್ತದೆ ಅಂತ ಯಾರಿಗೂ ಹೇಳಲು ಸಾಧ್ಯವಿಲ್ಲ. ನಾನು ಹೋಗುವುದು ರೈಫಲ್ ಅಸೋಸಿಯೇಶನ್ನಿನ ರೇಂಜಿಗೆ ಮಾತ್ರ.

ಅಲ್ಲಿ ಹುಡುಗರ ಕೈಯಲ್ಲಿ ಒಲಿಂಪಿಕ್ ಮಾದರಿಯ ಜರ್ಮನ್ ರೈಫಲ್‌ಗಳು ಇರುತ್ತವೆ. ಗುರಿಯ ನಿಖರತೆಯಲ್ಲಿ ಅವುಗಳ ಹತ್ತಿರಕ್ಕೂ ಇದು ಬರುವುದಿಲ್ಲ. ಆದರೂ ನಾನು ತೋಟೆ ತುಂಬಿಸಲು ಕೂತಾಗ ಎಲ್ಲರೂ ಸುತ್ತ ಸೇರುತ್ತಾರೆ. ನಳಿಗೆಯ ಕೆಳಗಿನ ಹಿತ್ತಾಳೆ ಕೊಳವೆಯನ್ನು ತಿರುಗಿಸಿ ಮೇಲಕ್ಕೆ ಎಳೆದು, ತೋಟೆಗಳನ್ನು ಹಿಂಬದಿ ಮೊದಲಾಗಿ ಒಂದೊಂದೇ ಇಳಿಸುವುದು. ಒಳಗೆ ಜಾರುವ ಸದ್ದು ಕೇಳುತ್ತದೆ. 19 ಉದ್ದ ತೋಟೆ ಹಿಡಿಯುತ್ತದೆ, ನಾನು ಐದರ ಮೇಲೆ ಹಾಕುವುದಿಲ್ಲ. ಜಾಸ್ತಿ ಹಾಕಿದರೆ ಕೈ ಅವಸರ ಮಾಡುತ್ತದೆ. ಲಿವರ್ ಎಳೆಯುವುದು ಗುರಿಯ ಕಡೆ ಬಾಯಿ ಇರುವಾಗ ಮಾತ್ರ. ಈ ಹಳೆ ಮಾದರಿಯಲ್ಲಿ ಬೇರೆ ಸೇಫ್ಟಿ ಗುಂಡಿ ಇಲ್ಲ. ಹ್ಯಾಮರ್ ಅರ್ಧಕ್ಕೆ ನಿಲ್ಲುವುದೊಂದೇ ರಕ್ಷಣೆ, ಅದನ್ನು ಹೆಬ್ಬೆರಳಿನಿಂದ ಇಳಿಸುವಾಗ ಮನಸ್ಸು ಬೇರೆ ಕಡೆ ಇರಕೂಡದು.

ದುರ್ಬೀನು ಹಾಕಿಲ್ಲ. ಮುಂದಿನ ಮಣಿ, ಹಿಂದಿನ ಕಚ್ಚು, ಅದರಲ್ಲೇ ಹೊಡೆಯುತ್ತೇನೆ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಹಿತ್ತಾಳೆ ಸರಳಿನಿಂದ ಕೂದಲೆಳೆಯಷ್ಟು ಬಲಕ್ಕೆ ತಟ್ಟಬೇಕು. ಗುಂಡು ಹೋಗಬೇಕಾದ ಕಡೆಗೇ ಹಿಂದಿನ ಸೈಟು. 50 ಮೀಟರಿಗೆ ಹೊಂದಿಸಿಟ್ಟಿದ್ದೇನೆ. ಅದೇ ಹೊಂದಿಕೆಯಲ್ಲಿ 100 ಮೀಟರಿಗೆ ಹೊಡೆದರೆ ಹೆಚ್ಚು ಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ತೋಟೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಅದಕ್ಕೆ ಸಾಧ್ಯವಾದಷ್ಟು ಒಂದೇ ತರಹದ್ದು ಕೊಳ್ಳುತ್ತೇನೆ. ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಲೈಸನ್ಸಿನಲ್ಲೇ ಬರೆದಿರುತ್ತದೆ. ಹಾಗಾಗಿ ಪ್ರತಿ ಈಡೂ ಯೋಚಿಸಿ ಹೊಡೆಯುವುದು. ಒಂದು ಹೊಡೆದು, ಉಸಿರು ಬಿಟ್ಟು, ಕೋವಿ ಕೆಳಗಿಟ್ಟು, ಆಮೇಲೆ ಇನ್ನೊಂದು.

ಮುಂದಿನ ಆಸೆ ಕೊಡಗಿನದು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಪಾಯಿಂಟ್ 22ಕ್ಕೂ ಅವಕಾಶ ಇರುತ್ತದೆ. ಆದರೆ ನನ್ನ ಲೈಸನ್ಸ್ ಕೇರಳಕ್ಕೆ ಮಾತ್ರ. ಪೆರ್ಲದಿಂದ ಗಡಿಯಾಚೆ ಕರ್ನಾಟಕದ ಅಡ್ಯನಡ್ಕಕ್ಕೆ ಚಹಾ ಕುಡಿಯಲು ಹೋಗುವಷ್ಟು ಸಲೀಸಾಗಿ ಕೋವಿ ಗಡಿ ದಾಟುವ ಹಾಗಿಲ್ಲ. ಕರ್ನಾಟಕವನ್ನೂ ಸೇರಿಸಿ ಕೊಡಿ ಅಂತ ಅರ್ಜಿ ಹಾಕಿದ್ದೇನೆ. ಸಿಕ್ಕಿದರೆ ಅಪ್ಪನನ್ನೂ ಕರೆದುಕೊಂಡು ಹೋಗುವುದು.